ಕೆಂಡ ಬೂದಿ ಹೊದೆಯುವ ತನಕ

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ನಿಟ್ಟೂರಿನ ಹತ್ತಿರ ಒಂದು ಸಣ್ಣ ಹೋಂಸ್ಟೇ. ಕೊಡಚಾದ್ರಿಗೆ, ಕೊಲ್ಲೂರಿಗೆ ಹೋಗುವವರು ಉಳಿದುಕೊಳ್ಳುತ್ತಾರೆ. ಸಂಜೆಯಾದರೆ ಎಲ್ಲರೂ ಕೇಳುವುದು ‘ಬಾರ್ಬೆಕ್ಯೂ ಇದೆಯಾ?’ ಎಂದೇ. ಹುಟ್ಟಿದಂದಿನಿಂದ ಒಲೆ ಉರಿ ಕಂಡವರು ನಾವು, ಆದರೂ ಈ ಇದ್ದಿಲು ಮಾತ್ರ ಹದಕ್ಕೆ ಬರುತ್ತಿಲ್ಲ. ಪೇಟೆಯಿಂದ ತಂದ ಒಂದು ಚೀಲ ಚೆನ್ನಾಗಿ ಉರಿದರೆ ಇನ್ನೊಂದು ಬರೀ ಹೊಗೆ. ಸೀಮೆಎಣ್ಣೆ ಹಾಕಿ ಹೊತ್ತಿಸಿದರೆ ಕೋಳಿಗೆಲ್ಲ ಅದೇ ವಾಸನೆ. ಯಾವ ಇದ್ದಿಲು ತರಬೇಕು, ಹೇಗೆ ಹೊತ್ತಿಸಬೇಕು? ಹೊಗೆಯಲ್ಲೇ ಬೇಯಿಸುವುದನ್ನು ವಿಡಿಯೋಗಳಲ್ಲಿ ತೋರಿಸುತ್ತಾರಲ್ಲ, ಅದು ನಮ್ಮಲ್ಲಿ ಆಗುತ್ತದೆಯೇ? ನಮ್ಮ ಮರಗಳಲ್ಲಿ ಯಾವುದು ಅದಕ್ಕೆ ಸರಿ?
ಓದುಗರೊಬ್ಬರು, ನಿಟ್ಟೂರು

ಉತ್ತರ: ಮೊದಲ ಪ್ರಶ್ನೆಗೆ ಚಿಕ್ಕ ಉತ್ತರವಿದೆ. ನಿಮ್ಮಂಥ ಊರಿನಲ್ಲಿ ಇದ್ದಿಲು ಯಾವ ಮರದ್ದು ಎನ್ನುವುದಕ್ಕಿಂತ, ಅದು ಪೂರ್ತಿ ಸುಟ್ಟಿದೆಯೇ, ಒಣಗಿದೆಯೇ ಎನ್ನುವುದು ಮುಖ್ಯ. ಎರಡನೆಯದಕ್ಕೂ ಅಷ್ಟೇ ಚಿಕ್ಕ ಉತ್ತರ: ಕೆಂಡ ಬೂದಿ ಹೊದೆಯುವ ತನಕ ಜಾಲರಿಯ ಮೇಲೆ ಏನನ್ನೂ ಇಡಬೇಡಿ. ನಿಮಗಾದ ತೊಂದರೆಗಳಲ್ಲಿ ಹೆಚ್ಚಿನವು ಈ ಎರಡು ಮಾತಿನಲ್ಲಿ ಮುಗಿಯುತ್ತವೆ. ಆದರೆ ‘ಯಾಕೆ’ ಎನ್ನುವುದು ತಿಳಿದಿದ್ದರೆ ಚೀಲ ಬದಲಾದಾಗ, ಹವೆ ಬದಲಾದಾಗ ನೀವೇ ದಾರಿ ಕಂಡುಕೊಳ್ಳಬಹುದು. ಅದಕ್ಕಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಇದ್ದಿಲಿನಿಂದ ಹೊಗೆ ಯಾಕೆ ಬರುತ್ತದೆ

ಸೌದೆಯನ್ನು ಗಾಳಿ ಆಡದಂತೆ ಮುಚ್ಚಿ ಕಾಯಿಸಿದರೆ ಅದು ಉರಿಯುವುದಿಲ್ಲ, ಬಿಡಿಬಿಡಿಯಾಗುತ್ತದೆ. ಮೊದಲು ನೀರು ಆವಿಯಾಗಿ ಹೋಗುತ್ತದೆ. ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಮರದ ನಾರಿನ ಅಂಶಗಳು ಒಡೆದು ಅನಿಲವಾಗಿ, ಆಮ್ಲವಾಗಿ, ಡಾಂಬರಾಗಿ ಹೊರಬೀಳುತ್ತವೆ. 500 ಡಿಗ್ರಿಯ ಹೊತ್ತಿಗೆ ಉಳಿಯುವುದು ಬಹುಪಾಲು ಇಂಗಾಲ, ಅಂದರೆ ಒಳ್ಳೆಯ ಇದ್ದಿಲು. ಗೂಡನ್ನು ಅವಸರದಲ್ಲಿ 300 ಡಿಗ್ರಿಯ ಆಸುಪಾಸಿನಲ್ಲೇ ತಣ್ಣಗಾಗಿಸಿದರೆ ಆ ಡಾಂಬರು, ಆಮ್ಲಗಳು ಅರ್ಧಕ್ಕರ್ಧ ಒಳಗೇ ಕೂತಿರುತ್ತವೆ. ಅಂಥ ಇದ್ದಿಲು ಬೇಗ ಹೊತ್ತಿಕೊಳ್ಳುತ್ತದೆ, ಹಳದಿ ಉರಿ ಕೊಡುತ್ತದೆ, ಆಮೇಲೆ ಹೊಗೆಯಾಡುತ್ತಲೇ ಇರುತ್ತದೆ. ಗೂಡಿನಲ್ಲಿ ಮುಗಿಯಬೇಕಾಗಿದ್ದ ಕೆಲಸ ನಿಮ್ಮ ಕೋಳಿಯ ಕೆಳಗೆ ಮುಗಿಯುತ್ತಿರುತ್ತದೆ. ಒಂದು ಚೀಲ ಚೆನ್ನಾಗಿ ಉರಿದು ಇನ್ನೊಂದು ಹೊಗೆಯಾಡಿದ್ದಕ್ಕೆ ಇದು ಮೊದಲ ಕಾರಣ.

ಹೊಗೆಯ ಜೊತೆ ಏನೇನು ಹೋಗುತ್ತದೆ ಎನ್ನುವುದಕ್ಕೆ ನಿಮ್ಮ ಜಿಲ್ಲೆಯಲ್ಲೇ ದೊಡ್ಡ ಸಾಕ್ಷಿ ಇದೆ. 1923ರಲ್ಲಿ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಕೆಲಸ ಶುರುಮಾಡಿದಾಗ ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಅದನ್ನು ಕರಗಿಸಲು ಕಲ್ಲಿದ್ದಲು ಹತ್ತಿರದಲ್ಲೆಲ್ಲೂ ಇರಲಿಲ್ಲ. ಹಾಗಾಗಿ ಶಿವಮೊಗ್ಗ ಮತ್ತು ಆಗಿನ ಕಡೂರು ಜಿಲ್ಲೆಯ ಕಾಡುಗಳ ಸೌದೆಯನ್ನು ಇದ್ದಿಲು ಮಾಡಿ ಊದುಕುಲುಮೆಗೆ ಹಾಕಿದರು. ಸರ್ ಎಂ. ವಿಶ್ವೇಶ್ವರಯ್ಯನವರು ಮುತುವರ್ಜಿ ವಹಿಸಿದ ಈ ಕಾರ್ಖಾನೆಯಲ್ಲಿ ಸೌದೆಯನ್ನು ಬಟ್ಟಿ ಇಳಿಸುವ ಘಟಕವೂ ಇತ್ತು. ಮರ ಇದ್ದಿಲಾಗುವಾಗ ಏಳುವ ಹೊಗೆಯನ್ನು ಗಾಳಿಗೆ ಬಿಡದೆ ತಣಿಸಿ, ಅದರಿಂದ ಮಿಥೈಲ್ ಆಲ್ಕೋಹಾಲ್, ಅಸಿಟಿಕ್ ಆಮ್ಲದ ಸುಣ್ಣದ ಲವಣ, ಮರದ ಡಾಂಬರು ತೆಗೆದು ಮಾರುತ್ತಿದ್ದರು. ಅರೆಸುಟ್ಟ ಇದ್ದಿಲಿನ ಮೇಲೆ ಮೀನು ಇಟ್ಟರೆ ಅಲ್ಲಿ ಪೀಪಾಯಿಗೆ ತುಂಬಿಸುತ್ತಿದ್ದ ಸರಕೆಲ್ಲ ನಿಮ್ಮ ಬಂಗುಡೆಯ ಮೈಗೆ ಹತ್ತುತ್ತದೆ. ನಾಲಿಗೆಗೆ ಕಹಿ, ಒಗರು, ಔಷಧಿ ಅಂಗಡಿಯ ವಾಸನೆ ಬರುವುದು ಇದರಿಂದ.

ಅಂಗಡಿಯಲ್ಲಿ ನಿಂತು ಪರೀಕ್ಷೆ ಮಾಡುವುದು ಹೇಗೆ

ಚೀಲದ ಬಾಯಿ ಬಿಚ್ಚಿಸಿ ಎರಡು ತುಂಡು ತೆಗೆದು ಒಂದಕ್ಕೊಂದು ತಟ್ಟಿ. ಚೆನ್ನಾಗಿ ಸುಟ್ಟ ಇದ್ದಿಲು ಲೋಹದ ಹಾಗೆ ಟಣ್ ಎನ್ನುತ್ತದೆ. ಅರೆಸುಟ್ಟದ್ದು ಅಥವಾ ತೇವ ಕುಡಿದದ್ದು ಮೆತ್ತಗೆ ಟಪ್ ಎನ್ನುತ್ತದೆ. ಮುರಿದು ನೋಡಿ: ಒಳಗೆ ಮಿರಿಮಿರಿ ಕಪ್ಪು ಇರಬೇಕು, ಮರದ ಎಳೆ, ಉಂಗುರ ಹಾಗೇ ಕಾಣಬೇಕು. ಕಂದು ಬಣ್ಣದ ತಿರುಳು ಕಂಡರೆ ಅದು ಇನ್ನೂ ಸೌದೆ. ಗಾತ್ರಕ್ಕೆ ತಕ್ಕಷ್ಟು ಹಗುರವಿರದ ತುಂಡಿನಲ್ಲಿ ನೀರು ಇರಬಹುದು, ಇದ್ದಿಲನ್ನು ತೂಕಕ್ಕೆ ಮಾರುವುದರಿಂದ ನೀರಿಗೂ ನೀವೇ ದುಡ್ಡು ಕೊಟ್ಟಂತೆ. ಕೊನೆಯದಾಗಿ ಚೀಲದ ತಳ ಮುಟ್ಟಿ ನೋಡಿ. ಪುಡಿ ಜಾಸ್ತಿ ಇದ್ದರೆ ಬೇಡ. ಪುಡಿ ತುಂಡುಗಳ ಸಂದಿಯಲ್ಲಿ ಕೂತು ಗಾಳಿ ತಡೆಯುತ್ತದೆ, ಗಾಳಿ ತಡೆದರೆ ಮತ್ತೆ ಹೊಗೆ.

ನಿಮಗೆ ಸಿಗುವ ನಾಲ್ಕು ಬಗೆ

ಒಂದು, ಜಾಲಿ ಇದ್ದಿಲು. ಕರ್ನಾಟಕ, ತಮಿಳುನಾಡಿನ ಪೇಟೆಗಳಲ್ಲಿ ಗೋಣಿಯಲ್ಲಿ ಬರುವ ಮರದಿದ್ದಿಲಿನಲ್ಲಿ ಬಹಳಷ್ಟು ಬಯಲುಸೀಮೆಯ ಬಳ್ಳಾರಿ ಜಾಲಿಯದು. ಗಟ್ಟಿ ಮರ, ಒಳ್ಳೆಯ ಕಾವು, ತುಂಬ ಹೊತ್ತು ನಿಲ್ಲುತ್ತದೆ. ಆದರೆ ಹಲವು ಕೈಗಳಿಂದ, ಹಲವು ಗೂಡುಗಳಿಂದ ಬಂದದ್ದು ಒಂದೇ ಚೀಲದಲ್ಲಿ ಬೆರೆತಿರುತ್ತದೆ. ಹಾಗಾಗಿ ಮೇಲಿನ ಪರೀಕ್ಷೆ ಇದಕ್ಕೆ ತಪ್ಪದೆ ಬೇಕು.

ಎರಡು, ಅಕೇಶಿಯಾ. ಭದ್ರಾವತಿಯ ಕಾಗದದ ಕಾರ್ಖಾನೆಗೆಂದು ಮಲೆನಾಡಿನ ತುಂಬ ಬೆಳೆಸಿದ ಈ ಮರದ ಬಗ್ಗೆ ನಿಮ್ಮ ಕಡೆ ಒಳ್ಳೆಯ ಮಾತು ಆಡುವವರು ಕಡಿಮೆ. ನೀರು ಕುಡಿಯುತ್ತದೆ, ಅಡಿಯಲ್ಲಿ ಹುಲ್ಲು ಹುಟ್ಟಲು ಬಿಡುವುದಿಲ್ಲ ಎಂಬ ದೂರುಗಳೆಲ್ಲ ಇವೆ. ಇದ್ದಿಲಿನ ಮಟ್ಟಿಗೆ ಮಾತ್ರ ಅದನ್ನು ಮೆಚ್ಚಲೇಬೇಕು. ಅಕೇಶಿಯಾ ಇದ್ದಿಲು ಹೊಗೆ ಕಡಿಮೆ ಮಾಡುತ್ತದೆ, ಕಿಡಿ ಸಿಡಿಸುವುದಿಲ್ಲ, ಕೆಂಡ ಹದವಾಗಿ ನಿಲ್ಲುತ್ತದೆ.

ಮೂರು, ತೆಂಗಿನ ಕರಟದ ಇದ್ದಿಲು. ನಿಮಗೆ ನಾನು ಮೊದಲು ಶಿಫಾರಸು ಮಾಡುವುದು ಇದನ್ನೇ. ಕರಟ ಸೌದೆಗಿಂತ ಗಟ್ಟಿ, ಬೂದಿ ಕಡಿಮೆ, ಕಾವು ಜೋರು. ತಿಪಟೂರು, ಅರಸೀಕೆರೆ ಕಡೆ ಕೊಬ್ಬರಿ ಒಡೆದು ಉಳಿಯುವ ಕರಟ ಹೀಗೇ ಇದ್ದಿಲಾಗಿ, ನೀರು ಶುದ್ಧಮಾಡುವ ಆಕ್ಟಿವೇಟೆಡ್ ಕಾರ್ಬನ್ ತಯಾರಿಸಲು ಹೋಗುತ್ತದೆ. ಇಸ್ತ್ರಿ ಅಂಗಡಿಯವರಲ್ಲಿ ಕೇಳಿದರೂ ಎಲ್ಲಿ ಸಿಗುತ್ತದೆ ಎಂದು ಹೇಳುತ್ತಾರೆ. ಒಂದು ಎಚ್ಚರ: ಅರ್ಧ ಕರಟಗಳು ಇಡಿಯಾಗಿದ್ದರೆ ಒಂದರೊಳಗೊಂದು ಕೂತು ಗಾಳಿ ಕಟ್ಟುತ್ತವೆ. ಎರಡು ಬೆರಳಿನಗಲದ ಚೂರು ಮಾಡಿ ಬಳಸಿ.

ನಾಲ್ಕು, ಬ್ರಿಕೆಟ್. ಇದ್ದಿಲ ಪುಡಿಗೆ ಗಂಜಿಯ ಅಂಟು ಸೇರಿಸಿ ಅಚ್ಚು ಒತ್ತಿದ ಉಂಡೆಗಳು. ಇದನ್ನು ಮನೆಮಾತು ಮಾಡಿದ್ದು ಕಾರಿನ ಕಂಪನಿ ಎಂದರೆ ನಿಮಗೆ ಸೋಜಿಗವಾದೀತು. ಹೆನ್ರಿ ಫೋರ್ಡ್ ತನ್ನ ಮಾಡೆಲ್ ಟಿ ಕಾರುಗಳಿಗೆ ಮರ ಕೊಯ್ದು ಉಳಿದ ತುಂಡುಗಳನ್ನು 1920ರ ದಶಕದಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ, ಭದ್ರಾವತಿಯಲ್ಲಿ ಮಾಡಿದ ಹಾಗೆಯೇ, ಬಟ್ಟಿ ಇಳಿಸಿ ರಾಸಾಯನಿಕ ತೆಗೆದ. ಉಳಿದ ಇದ್ದಿಲ ಪುಡಿಯನ್ನು ಉಂಡೆ ಮಾಡಿ ಫೋರ್ಡ್ ಹೆಸರಿನಲ್ಲೇ ಮಾರಿದ. ಅದೇ ಮುಂದೆ ಕಿಂಗ್ಸ್‌ಫರ್ಡ್ ಎಂಬ ಹೆಸರಾಯಿತು. ಒಂದೇ ದಶಕದಲ್ಲಿ, ಒಂದೇ ವಿಧಾನದಲ್ಲಿ ತಯಾರಾದ ಇದ್ದಿಲು ನಮ್ಮಲ್ಲಿ ಕಬ್ಬಿಣ ಕರಗಿಸಿತು, ಅಲ್ಲಿ ಪಿಕ್ನಿಕ್ಕಿಗೆ ಹೋಯಿತು. ಬ್ರಿಕೆಟ್ಟಿನ ಗುಣವೆಂದರೆ ಎಲ್ಲ ಉಂಡೆಯೂ ಒಂದೇ ಗಾತ್ರ, ಹಾಗಾಗಿ ಕಾವೂ ಒಂದೇ ಸಮ. ದೋಷವೆಂದರೆ ಬೂದಿ ಜಾಸ್ತಿ, ಹೊತ್ತಿಕೊಳ್ಳುವುದು ನಿಧಾನ, ಒಳಗೆ ಏನು ಬೆರೆಸಿದ್ದಾರೆ ಎನ್ನುವುದು ಕಣ್ಣಿಗೆ ಕಾಣದು. ಕಲ್ಲಿದ್ದಲ ಪುಡಿ, ಸುಣ್ಣದ ಕಲ್ಲು ಬೆರೆಸುವವರೂ ಇದ್ದಾರೆ. ಕಡ್ಡಿ ಗೀರಿದ ಕೂಡಲೇ ಹೊತ್ತಿಕೊಳ್ಳುವ ಬಗೆಯದನ್ನು ಅಡುಗೆಗೆ ತರಲೇಬೇಡಿ, ಅದಕ್ಕೆ ಉರಿಯೆಣ್ಣೆ ಅಥವಾ ರಾಸಾಯನಿಕ ಹಚ್ಚಿರುತ್ತಾರೆ.

ದುಡ್ಡು ಕೊಡದೆ ಸಿಗುವ ಇನ್ನೊಂದು ನಿಮ್ಮ ಮನೆಯಲ್ಲೇ ಇದೆ: ಬಚ್ಚಲೊಲೆಯ ಕೆಂಡ. ಹಂಡೆ ನೀರು ಕಾದ ಮೇಲೆ ಒಲೆಯಲ್ಲಿ ಉಳಿಯುವ ಕೆಂಪು ಕೆಂಡವನ್ನು ಚಿಮುಟದಿಂದ ಎತ್ತಿ ಬಿಗಿ ಮುಚ್ಚಳದ ತಗಡಿನ ಡಬ್ಬಿಗೆ ಹಾಕಿ ಮುಚ್ಚಿಬಿಡಿ. ಗಾಳಿ ಇಲ್ಲದೆ ಆರಿ ಇದ್ದಿಲಾಗುತ್ತದೆ. ನೀರು ಎರಚಿ ಆರಿಸಬೇಡಿ. ಕರಟವನ್ನೂ ಮನೆಯಲ್ಲೇ ಸುಡಬಹುದು. ಬಯಲಿನಲ್ಲಿ ಒಂದು ಹಳೆಯ ಕಬ್ಬಿಣದ ಡ್ರಮ್ಮಿನ ತಳದಲ್ಲಿ ಸ್ವಲ್ಪ ಕರಟ ಹೊತ್ತಿಸಿ, ಅದು ಹಿಡಿದಂತೆ ಪದರ ಪದರವಾಗಿ ತುಂಬುತ್ತ ಬನ್ನಿ. ದಟ್ಟ ಬಿಳಿ ಹೊಗೆ ತೆಳುವಾಗಿ ನೀಲಿಗೆ ತಿರುಗಿದಾಗ ಮುಚ್ಚಳ ಹಾಕಿ ಅಂಚಿಗೆ ಹಸಿಮಣ್ಣು ಮೆತ್ತಿ. ಮಾರನೆಯ ದಿನ ತೆಗೆದರಾಯಿತು. ಹೊಸದಾಗಿ ಸುಟ್ಟ ಇದ್ದಿಲನ್ನು ಮಾತ್ರ ಕೂಡಲೇ ಚೀಲಕ್ಕೆ ತುಂಬಿ ಒಳಗಿಡಬೇಡಿ. ಗಾಳಿ ತಾಗಿದಾಗ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವ ಗುಣ ಅದಕ್ಕಿದೆ. ಒಂದು ದಿನವಾದರೂ ಹೊರಗೆ ಹರಡಿರಲಿ.

ಬೆಟ್ಟದ ಮರ ಕಡಿದು ಇದ್ದಿಲು ಸುಡುವ ಯೋಚನೆಯನ್ನು ಯಾರಾದರೂ ಹೇಳಿಕೊಟ್ಟರೆ ಒಪ್ಪಬೇಡಿ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ವ್ಯಾಖ್ಯೆಯ ಪ್ರಕಾರ ಇದ್ದಿಲು, ಕಾಡಿನಿಂದ ಬಂದಿರಲಿ ಬಿಡಲಿ, ಅರಣ್ಯ ಉತ್ಪನ್ನ. ದೊಡ್ಡ ಪ್ರಮಾಣದಲ್ಲಿ ತರಿಸುವುದಾದರೆ ಮಾರುವವರಿಂದ ರಸೀದಿ ತೆಗೆದುಕೊಳ್ಳಿ, ಸಾಗಣೆಗೆ ಏನು ಬೇಕು ಎಂದು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಮಳೆಗಾಲದ ಇದ್ದಿಲು

ನಿಮ್ಮ ಎರಡನೆಯ ಶತ್ರು ತೇವ. ನಿಮ್ಮ ತಾಲ್ಲೂಕಿನ ಹುಲಿಕಲ್, ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ, ಕರ್ನಾಟಕದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳು. ಜೂನ್‌ನಿಂದ ಸೆಪ್ಟೆಂಬರ್ ತನಕ ನಿಮ್ಮಲ್ಲಿ ಉಪ್ಪಿನ ಡಬ್ಬಿಯೇ ನೀರೊಡೆಯುತ್ತದೆ. ಇದ್ದಿಲಿನ ಮೈ ತುಂಬ ಕಣ್ಣಿಗೆ ಕಾಣದ ರಂಧ್ರಗಳಿರುವುದರಿಂದ ಅದು ಗಾಳಿಯ ತೇವವನ್ನು ಸುಮ್ಮನೆ ಹೀರುತ್ತಲೇ ಇರುತ್ತದೆ. ಆಮೇಲೆ ಹೊತ್ತಿಸಿದಾಗ ಕಾವಿನ ಒಂದು ಪಾಲು ಆ ನೀರನ್ನು ಆವಿ ಮಾಡಲು ವ್ಯಯವಾಗುತ್ತದೆ. ಒಳಗೆ ಸಿಕ್ಕಿಬಿದ್ದ ಆವಿ ಚಟಚಟ ಸಿಡಿದು ಕೆಂಡದ ಚೂರು ಹಾರುತ್ತದೆ.

ಮಾಡಬೇಕಾದ್ದು ಸುಲಭ. ವರ್ಷದ ಇದ್ದಿಲನ್ನು ಏಪ್ರಿಲ್, ಮೇ ತಿಂಗಳಲ್ಲೇ ತಂದು ಎರಡು ದಿನ ಅಂಗಳದ ಬಿಸಿಲಿಗೆ ಹರಡಿ. ಆಮೇಲೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬಿ. ಗೋಣಿಚೀಲದಲ್ಲಿ ನೆಲದ ಮೇಲೆ ಇಟ್ಟರೆ ಆಷಾಢದ ಹೊತ್ತಿಗೆ ಅದು ಕೆಲಸಕ್ಕೆ ಬರುವುದಿಲ್ಲ. ಈಗಾಗಲೇ ತೇವ ಕುಡಿದದ್ದಿದ್ದರೆ ಸಂಜೆಗೆ ಬೇಕಾದಷ್ಟನ್ನು ಬೆಳಿಗ್ಗೆಯೇ ಬಚ್ಚಲೊಲೆಯ ಕಟ್ಟೆಯ ಮೇಲೆ, ಕಿಡಿ ತಾಗದಷ್ಟು ದೂರದಲ್ಲಿ, ಬುಟ್ಟಿಯಲ್ಲಿ ಇಡಿ. ಅಡಿಕೆಯನ್ನು ಮಳೆಯಿಂದ ಉಳಿಸಿಕೊಳ್ಳಲು ಗೊತ್ತಿರುವ ಮನೆಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಹೊತ್ತಿಸುವುದು

ಸೀಮೆಎಣ್ಣೆಯ ವಾಸನೆ ಯಾಕೆ ಹೋಗುವುದಿಲ್ಲ ಎಂದರೆ, ತೇವವನ್ನು ಹೀರುವ ಅದೇ ರಂಧ್ರಗಳು ಎಣ್ಣೆಯನ್ನೂ ಹೀರುತ್ತವೆ. ಮೇಲಿನದು ಉರಿದುಹೋದರೂ ಒಳಗಿನದು ಅರ್ಧ ಗಂಟೆಯ ತನಕ ನಿಧಾನವಾಗಿ ಆವಿಯಾಗುತ್ತ ಅಡುಗೆಗೆ ಸೇರುತ್ತದೆ. ಆರಿದಂತೆ ಕಂಡ ಕೆಂಡದ ಮೇಲೆ ಮತ್ತೆ ಸುರಿದರೆ ಉರಿ ಡಬ್ಬಿಯ ತನಕ ಹಾರಿ ಬರಬಹುದು. ಪೆಟ್ರೋಲಿನ ಮಾತು ಬೇಡವೇ ಬೇಡ.

ಬದಲಿಗೆ ಒಂದು ಹದಿನೈದು ಕಿಲೋ ಅಡುಗೆ ಎಣ್ಣೆಯ ಖಾಲಿ ಟಿನ್ ಸಾಕು. ಮೇಲಿನ ಮುಚ್ಚಳ ಮತ್ತು ತಳ ಎರಡನ್ನೂ ಕತ್ತರಿಸಿ ತೆಗೆಯಿರಿ. ಕೆಳಗಿನಿಂದ ಒಂದು ಗೇಣು ಎತ್ತರದಲ್ಲಿ ಅಡ್ಡಡ್ಡ ನಾಲ್ಕಾರು ಕಬ್ಬಿಣದ ಸರಳು ಹಾಯಿಸಿ. ಸರಳಿನ ಕೆಳಗೆ ಸುತ್ತಲೂ ಹೆಬ್ಬೆರಳು ತೂರುವಷ್ಟು ದೊಡ್ಡ ಎಂಟು ಹತ್ತು ತೂತು ಹೊಡೆಯಿರಿ. ಪಕ್ಕಕ್ಕೆ ಗಟ್ಟಿ ತಂತಿಯ ಹಿಡಿಕೆ ಕಟ್ಟಿ. ಅಡುಗೆಗೆ ಬಳಸುವ ಮೊದಲು ಒಮ್ಮೆ ಖಾಲಿಯಾಗಿ ಜೋರು ಉರಿ ಹಾಕಿ ಬಣ್ಣ, ಲೇಪ ಎಲ್ಲ ಸುಟ್ಟುಹೋಗಲಿ. ಸತುವಿನ ಲೇಪವಿರುವ ಜಿಂಕ್ ಶೀಟನ್ನು ಇದಕ್ಕಾಗಲಿ, ಜಾಲರಿಗಾಗಲಿ ಬಳಸಬೇಡಿ. ಕೆಂಪಗೆ ಕಾದ ಸತುವಿನ ಹೊಗೆ ಜ್ವರ ತರಿಸುತ್ತದೆ.

ಟಿನ್ನನ್ನು ಎರಡು ಇಟ್ಟಿಗೆಯ ಮೇಲೆ ನಿಲ್ಲಿಸಿ. ಸರಳಿನ ಮೇಲೆ ಇದ್ದಿಲು, ದೊಡ್ಡ ತುಂಡು ಕೆಳಗೆ, ಸಣ್ಣದು ಮೇಲೆ. ಸರಳಿನ ಕೆಳಗೆ ಹಳೆಯ ಪತ್ರಿಕೆಯ ಎರಡು ಹಾಳೆ ಸಡಿಲವಾಗಿ ಮುದುಡಿ, ಜೊತೆಗೆ ಒಣಗಿದ ಅಡಿಕೆ ಸಿಪ್ಪೆಯೋ ತೆಂಗಿನ ನಾರೋ ತುರುಕಿ ಕಡ್ಡಿ ಗೀರಿ. ಬಿಸಿಗಾಳಿ ಮೇಲೇರಿದಂತೆ ಕೆಳಗಿನ ತೂತುಗಳಿಂದ ಹೊಸ ಗಾಳಿ ತಾನಾಗಿ ನುಗ್ಗುತ್ತದೆ. ಊದುಗೊಳವೆ ಹಿಡಿದು ಕಣ್ಣು ಕೆಂಪು ಮಾಡಿಕೊಳ್ಳುವ ಕೆಲಸವಿಲ್ಲ. ಮೊದಲ ಐದು ನಿಮಿಷ ದಟ್ಟ ಬಿಳಿ ಹೊಗೆ ಏಳುತ್ತದೆ. ಅದು ತೇವ ಮತ್ತು ಉಳಿದ ಡಾಂಬರು, ಗಾಬರಿ ಬೇಡ. ಆಮೇಲೆ ಹೊಗೆ ತೆಳುವಾಗಿ ಮೇಲಿನ ತುಂಡುಗಳ ಅಂಚು ಬೆಳ್ಳಗಾಗಲು ಶುರುವಾಗುತ್ತದೆ. ಒಣಗಿದ ಇದ್ದಿಲಾದರೆ ಹದಿನೈದು ಇಪ್ಪತ್ತು ನಿಮಿಷ, ಮಳೆಗಾಲದಲ್ಲಿ ಅರ್ಧ ಗಂಟೆ ಹಿಡಿಯಬಹುದು. ಮೇಲಿನ ಪದರಕ್ಕೂ ಬೂದಿ ಹೊದ್ದ ಮೇಲೆ, ದಪ್ಪ ಕೈಗವಸು ಹಾಕಿಕೊಂಡು, ಗ್ರಿಲ್ಲಿನ ತಟ್ಟೆಗೆ ಸುರಿಯಿರಿ. ಐದಾರು ಜನರ ಅಡುಗೆಗೆ ಒಂದೂವರೆಯಿಂದ ಎರಡು ಕಿಲೋ ಇದ್ದಿಲು ಸಾಕಾಗುತ್ತದೆ.

ಹೊತ್ತಿಸಲು ದರಗು ತರುವ ಬಗ್ಗೆ ನಿಮ್ಮ ಕಡೆಯವರಿಗೆ ಮಾತ್ರ ಹೇಳಬೇಕಾದ ಮಾತೊಂದಿದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಈಗಲೂ ಸಾಗರ, ಹೊಸನಗರ, ತೀರ್ಥಹಳ್ಳಿಯ ಕಾಡಂಚನ್ನು ಬಿಟ್ಟಿಲ್ಲ. ಅದನ್ನು ಹರಡುವ ಉಣುಗು ಚಳಿಗಾಲದಿಂದ ಮಳೆ ಹಿಡಿಯುವ ತನಕ ಕಾಡಿನ ಒಣ ಎಲೆಗಳ ನಡುವೆ ಇರುತ್ತದೆ. ಬಾರ್ಬೆಕ್ಯೂ ಕಾಲವೂ ಅದೇ. ಕಾಡಿಗೆ ಹೋಗಿ ದರಗು ಗುಡಿಸಿ ತರಬೇಡಿ, ಅತಿಥಿಗಳನ್ನೂ ಕಳಿಸಬೇಡಿ. ಅಂಗಳದ ಅಡಿಕೆ ಸಿಪ್ಪೆಯೇ ಸಾಕು.

ಜಾಲರಿಯ ಮೇಲೆ

ಕೆಂಡವನ್ನು ತಟ್ಟೆಯ ಪೂರ್ತಿ ಹರಡಬೇಡಿ. ಒಂದು ಪಕ್ಕಕ್ಕೆ ರಾಶಿ, ಇನ್ನೊಂದು ಪಕ್ಕ ಖಾಲಿ ಇರಲಿ. ಕೋಳಿಯ ಕಾಲನ್ನು ಮೊದಲು ಖಾಲಿ ಪಕ್ಕದಲ್ಲಿಟ್ಟು ಮುಚ್ಚಳ ಹಾಕಿ ಒಳಗೆ ಬೇಯಲು ಬಿಡಿ, ಕೊನೆಯ ಐದು ನಿಮಿಷ ಕೆಂಡದ ಮೇಲೆ ತಂದು ಮೈ ಕೆಂಪಗೆ ಮಾಡಿ. ಹೊರಗೆ ಕರಕಲು, ಮೂಳೆಯ ಹತ್ತಿರ ಹಸಿ ಎನ್ನುವ ದೂರು ಹೀಗೆ ತಪ್ಪುತ್ತದೆ. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಉರಿ ಎದ್ದರೆ ಮಾಂಸವನ್ನು ಖಾಲಿ ಪಕ್ಕಕ್ಕೆ ಸರಿಸಿ. ನೀರು ಚಿಮುಕಿಸಿದರೆ ಬೂದಿ ಹಾರಿ ಊಟಕ್ಕೆ ಕೂರುತ್ತದೆ. ಕೊಬ್ಬು ಸುಟ್ಟ ಹೊಗೆಯ ಮಸಿಯಲ್ಲಿ ಆರೋಗ್ಯಕ್ಕೆ ಒಳ್ಳೆಯದಲ್ಲದ ಅಂಶಗಳಿರುತ್ತವೆ, ಕರಕಲಾದ ಭಾಗವನ್ನು ಕೆರೆದು ತೆಗೆದು ಬಡಿಸಿ.

ಕಾವು ಎಷ್ಟಿದೆ ಎಂದು ತಿಳಿಯಲು ಅಂಗೈಯನ್ನು ಜಾಲರಿಯಿಂದ ಒಂದು ಅರ್ಧ ಗೇಣು ಮೇಲೆ ಹಿಡಿದು ಎಣಿಸಿ. ಎರಡು ಮೂರು ಸೆಕೆಂಡಿಗೇ ಕೈ ಎಳೆದುಕೊಳ್ಳುವಂತಾದರೆ ಜೋರು ಕಾವು: ಗಂಗೊಳ್ಳಿಯಿಂದ ಬಂದ ಬಂಗುಡೆ, ಪನ್ನೀರ್, ಅಣಬೆಗೆ ಅದು ಸರಿ. ನಾಲ್ಕೈದು ಸೆಕೆಂಡು ತಡೆದರೆ ಮಧ್ಯಮ: ಕೋಳಿ, ಜೋಳದ ತೆನೆ, ಬಾಳೆಕಾಯಿಗೆ. ಎಂಟು ಹತ್ತಾದರೆ ಸಣ್ಣ ಕಾವು: ಇಡೀ ಗೆಣಸು, ಬದನೆಕಾಯಿ ನಿಧಾನವಾಗಿ ಒಳಗೊಳಗೇ ಬೇಯುತ್ತವೆ. ಕೋಳಿ ಬೆಂದಿದೆಯೇ ಎಂದು ಅಂದಾಜು ಮಾಡುವ ಬದಲು ಒಂದು ಚುಚ್ಚುವ ಥರ್ಮಾಮೀಟರ್ ಇಟ್ಟುಕೊಳ್ಳಿ. ದಪ್ಪ ಭಾಗದ ನಡುವೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ನಿಶ್ಚಿಂತೆ. ದುಡ್ಡು ಕೊಟ್ಟು ಉಣ್ಣುವ ಅತಿಥಿಗಳ ವಿಷಯದಲ್ಲಿ ಇದು ಮುಖ್ಯ.

ಹೊಗೆಯಲ್ಲಿ ಬೇಯಿಸುವುದು

ಹೊಗೆಯ ಉಪಯೋಗ ಮಲೆನಾಡಿಗೆ ವಿಡಿಯೋ ನೋಡಿ ಕಲಿಯಬೇಕಾದದ್ದಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಅಡಿಕೆ, ಉಪ್ಪಾಗೆ, ಬೀಜದ ತೆನೆ, ಒಣಮೀನು ಹೊಗೆ ಕುಡಿದೇ ಮಳೆಗಾಲ ಕಳೆಯುತ್ತಿದ್ದವು. ಹೊಗೆಯ ಆಮ್ಲ, ಫೀನಾಲ್‌ಗಳು ಬೂಸಲನ್ನೂ ಹುಳವನ್ನೂ ದೂರ ಇಡುತ್ತವೆ. ಆದರೆ ಅದು ವಾರಗಟ್ಟಲೆ ಒಣಗಿಸುವ ಹೊಗೆ. ನೀವು ಕೇಳುವುದು ಕೆಲವು ಗಂಟೆ ಬೇಯಿಸುವ ಬಿಸಿ ಹೊಗೆ. ಅದರಲ್ಲಿ ಮಾಂಸಕ್ಕೆ ರುಚಿ ಬರುತ್ತದೆಯೇ ಹೊರತು ಬಾಳಿಕೆ ಬರುವುದಿಲ್ಲ. ಅಂದು ಮಾಡಿದ್ದನ್ನು ಅಂದೇ ಬಡಿಸಿ, ಉಳಿದದ್ದು ಫ್ರಿಜ್ಜಿಗೆ.

ಮುಚ್ಚಳವಿರುವ ಗ್ರಿಲ್ ಇದ್ದರೆ ಬೇರೆ ಯಂತ್ರ ಬೇಡ. ಒಂದು ಪಕ್ಕ ಕೆಂಡ, ಇನ್ನೊಂದು ಪಕ್ಕ ಮಾಂಸ, ಅದರ ಕೆಳಗೆ ಒಂದು ತಟ್ಟೆ ನೀರು. ಒಳಗಿನ ಶಾಖ 105ರಿಂದ 120 ಡಿಗ್ರಿಯ ನಡುವೆ ನಿಲ್ಲಬೇಕು. ಕೆಳಗಿನ ಗಾಳಿಕಂಡಿಯನ್ನು ಕಿರಿದು ಮಾಡಿ ಶಾಖ ಇಳಿಸಿ, ಮೇಲಿನ ಕಂಡಿಯನ್ನು ಮಾತ್ರ ಯಾವಾಗಲೂ ತೆರೆದಿಡಿ. ಮೇಲಿನದು ಮುಚ್ಚಿದರೆ ಹೊಗೆ ಒಳಗೇ ಕೊಳೆತು ಮಾಂಸ ಕಹಿಯಾಗುತ್ತದೆ. ಕೆಂಡದ ಮೇಲೆ ಮುಷ್ಟಿಗಾತ್ರದ ಎರಡು ಮೂರು ಒಣ ಕಟ್ಟಿಗೆಯ ತುಂಡು ಇಟ್ಟರೆ ಸಾಕು. ಅದನ್ನು ನೀರಿನಲ್ಲಿ ನೆನೆಸಬೇಕೆಂದು ಹೇಳುತ್ತಾರೆ, ಬೇಕಿಲ್ಲ. ನೆನೆಸಿದರೆ ಮೊದಲು ಬರುವುದು ಹಬೆ. ತೆಳ್ಳಗೆ ನೀಲಿಯಾಗಿ ಏಳುವ ಹೊಗೆ ರುಚಿಯದು, ದಟ್ಟ ಬಿಳಿ ಹೊಗೆ ಗಾಳಿ ಸಾಲದ ಬೆಂಕಿಯದು. ಇಡೀ ಕೋಳಿಗೆ ಮೂರು ಗಂಟೆಯ ಆಸುಪಾಸು ಹಿಡಿಯುತ್ತದೆ. ನಡುವೆ ಹೊಸ ಇದ್ದಿಲು ಸೇರಿಸಬೇಕಾದರೆ ಟಿನ್ನಿನಲ್ಲಿ ಹೊತ್ತಿಸಿ ಬೂದಿ ಹೊದ್ದ ಮೇಲೆಯೇ ಸೇರಿಸಿ. ಬ್ರಿಕೆಟ್ ಗೆಲ್ಲುವುದು ಇಲ್ಲಿ: ಗಂಟೆಗಟ್ಟಲೆ ಒಂದೇ ಸಮ ಕಾವು ಬೇಕಾದಾಗ ಅದರ ಒಂದೇ ಅಳತೆ ಉಪಯೋಗಕ್ಕೆ ಬರುತ್ತದೆ.

ಕಟ್ಟಿಗೆಗೆ ನಿಮ್ಮ ಹಿತ್ತಿಲೇ ಸಾಕು. ಪೇರಲೆ ನನ್ನ ಮೊದಲ ಆಯ್ಕೆ, ಹೊಗೆ ಮೃದು, ಕೋಳಿ ಮೀನು ಎರಡಕ್ಕೂ ಹೊಂದುತ್ತದೆ. ಸವರಿ ಬಿಸಾಡಿದ ಕಾಫಿ ಗಿಡದ ದಪ್ಪ ರೆಂಬೆ, ನೇರಳೆ, ಹಲಸು, ಹುಣಸೆಯೂ ಆಗುತ್ತವೆ. ಕಡಿದು ಒಂದು ಬೇಸಿಗೆ ಒಣಗಿರಬೇಕು, ಸಿಪ್ಪೆ ತೆಗೆದಿರಬೇಕು, ಬೂಸಲು ಹಿಡಿದಿರಬಾರದು.

ಬಳಸಬಾರದ್ದು ಇನ್ನೂ ಮುಖ್ಯ. ಹೊಳಗೇರು, ಕೇರು ಜಾತಿಯ ಮರಗಳ ಸೊನೆ ಮೈಗೆ ತಾಗಿದರೆ ಬೊಕ್ಕೆ ಏಳುವುದು ನಿಮಗೆ ಗೊತ್ತೇ ಇದೆ, ಅವುಗಳ ಹೊಗೆಯೂ ಬೇಡ. ಗೇರುಬೀಜದ ಸಿಪ್ಪೆಯ ಎಣ್ಣೆಯೂ ಚರ್ಮ ಸುಡುವಂಥದ್ದು, ಹೊತ್ತಿಸಲು ಸುಲಭವೆಂದು ಅದನ್ನು ಅಡುಗೆಯ ಕೆಳಗೆ ಹಾಕಬೇಡಿ. ಕಾಸರಕ, ಕಣಗಿಲೆ ವಿಷದ ಗಿಡಗಳು, ಮಾಂಸ ಪೋಣಿಸುವ ಕಡ್ಡಿಯಾಗಿಯೂ ಸಲ್ಲ. ನೀಲಗಿರಿಯ ಎಣ್ಣೆವಾಸನೆ ಊಟಕ್ಕೆ ಹೊಂದುವುದಿಲ್ಲ. ಬಣ್ಣ ಬಳಿದ ಹಲಗೆ, ಪ್ಲೈವುಡ್, ಗೆದ್ದಲು ಔಷಧಿ ಹೊಡೆದ ಹಳೆಯ ಪಕಾಸು, ಇವು ಬಚ್ಚಲೊಲೆಗೂ ಒಳ್ಳೆಯದಲ್ಲ.

ತಪ್ಪದೆ ಪಾಲಿಸಬೇಕಾದ್ದು

ಮಳೆ ಬಂತೆಂದು ಗ್ರಿಲ್ಲನ್ನು ಕೋಣೆಯೊಳಗೆ ತರಬೇಡಿ. ಉರಿಯಿಲ್ಲದ, ಹೊಗೆಯಿಲ್ಲದ ಕೆಂಡದಿಂದಲೂ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಚಳಿಗೆ ಕೆಂಡ ಇಟ್ಟುಕೊಂಡು ಬಾಗಿಲು ಮುಚ್ಚಿ ಮಲಗಿದವರು ಏಳದ ಸುದ್ದಿಯನ್ನು ಚಳಿಗಾಲದ ಪತ್ರಿಕೆಗಳಲ್ಲಿ ನೀವೂ ಓದಿರುತ್ತೀರಿ. ಅತಿಥಿಗಳು ಕೇಳಿದರೂ ಕೋಣೆಗೆ ಕೆಂಡ ಕೊಡಬೇಡಿ. ನಾಲ್ಕು ಕಡೆ ತೆರೆದ, ತಗಡಿನ ಮಾಡಿನ ಶೆಡ್ಡು ಸರಿ. ಸೋಗೆಯ ಚಪ್ಪರದ ಅಡಿ ಬೇಡ.

ಫೆಬ್ರವರಿಯಿಂದ ಮಳೆ ಹಿಡಿಯುವ ತನಕ ಬೇಣ, ಸೊಪ್ಪಿನ ಬೆಟ್ಟಗಳೆಲ್ಲ ಕಿಡಿಗೆ ಕಾದು ನಿಂತಿರುತ್ತವೆ. ಗ್ರಿಲ್ಲಿನ ಸುತ್ತ ನೆಲ ಗುಡಿಸಿ, ಪಕ್ಕದಲ್ಲಿ ಎರಡು ಕೊಡ ನೀರಿಟ್ಟು, ಗಾಳಿ ಜೋರಿದ್ದ ದಿನ ಇಲ್ಲವೆಂದೇ ಹೇಳಿಬಿಡಿ. ಮುಗಿದ ಮೇಲೆ ಉಳಿದ ಕೆಂಡವನ್ನು ತಗಡಿನ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿದರೆ ಆರುತ್ತದೆ, ಮುಂದಿನ ಸಲಕ್ಕೆ ಇದ್ದಿಲೂ ಆಗುತ್ತದೆ. ಬೂದಿಯೊಳಗೆ ಕೆಂಡ ಮಾರನೆಯ ದಿನದ ತನಕವೂ ಬದುಕಿರಬಲ್ಲದು, ಹಾಗಾಗಿ ರಾತ್ರಿಯೇ ಗೊಬ್ಬರದ ಗುಂಡಿಗೆ ಸುರಿಯಬೇಡಿ. ತಣಿದ ಮರದಿದ್ದಿಲ, ಕರಟದ ಬೂದಿಯನ್ನು ತೋಟಕ್ಕೆ ಹಾಕಬಹುದು, ನಿಮ್ಮ ಕಡೆಯ ಹುಳಿ ಮಣ್ಣಿಗೆ ಅದು ಒಳ್ಳೆಯದು. ಬ್ರಿಕೆಟ್ಟಿನ ಬೂದಿ ಬೇಡ.

ಇಷ್ಟೂ ಓದಿದ ಮೇಲೆ ‘ಕೊನೆಗೆ ಏನು ತರಲಿ’ ಎಂದು ಕೇಳಿದರೆ ನನ್ನ ತೀರ್ಮಾನ ಇದು. ದಿನನಿತ್ಯದ ಕೋಳಿ, ಮೀನು, ತರಕಾರಿಗೆ ಕರಟದ ಇದ್ದಿಲು. ಹತ್ತು ಹನ್ನೆರಡು ಜನರ ಗುಂಪು ಬಂದ ದಿನ ಅದರ ಜೊತೆಗೆ ಜಾಲಿಯದೋ ಅಕೇಶಿಯಾದ್ದೋ ದಪ್ಪ ತುಂಡುಗಳು. ಹೊಗೆಯಲ್ಲಿ ಬೇಯಿಸುವ ದಿನಕ್ಕೆ ಬೇಕಿದ್ದರೆ ಒಂದು ಚೀಲ ಒಳ್ಳೆಯ ಬ್ರಿಕೆಟ್. ಎಲ್ಲವನ್ನೂ ಮೇ ಮುಗಿಯುವುದರೊಳಗೆ ತಂದು ಒಣಗಿಸಿ ಡ್ರಮ್ಮಿಗೆ ತುಂಬಿಡಿ. ಅತಿಥಿಗಳು ಎಂಟು ಗಂಟೆಗೆ ಊಟ ಕೇಳಿದ್ದರೆ ಏಳಕ್ಕೇ ಟಿನ್ ಹೊತ್ತಿಸಿ. ‘ಇನ್ನೂ ಆಗಿಲ್ವಾ’ ಎಂದು ಅವಸರಪಡಿಸುವವರ ಕೈಗೆ ಅಷ್ಟರಲ್ಲಿ ಒಂದೊಂದು ಲೋಟ ಕಷಾಯ ಕೊಟ್ಟು ಕೂರಿಸಿ, ಕೆಂಡ ಬೆಳ್ಳಗಾಗದೆ ಜಾಲರಿ ಇಡಬೇಡಿ.